ವಿದ್ಯಾವರಣದ ವಾಸ್ತು: ಕೊಠಡಿ ಮತ್ತು ಪಡಸಾಲೆ

ಕರ್ನಾಟಕದ ಉನ್ನತ ಶಿಕ್ಷಣದ ಚರಿತ್ರೆಯನ್ನು ಬರೆದವರು ಸಂಸ್ಥೆಗಳ ಸ್ಥಾಪನೆ, ಪಠ್ಯಕ್ರಮ, ಅಧ್ಯಾಪಕ ಪರಂಪರೆ, ಬೋಧನಾ ಮಾಧ್ಯಮ ಮೊದಲಾದ ಪ್ರಶ್ನೆಗಳಿಗೆ ಕೊಟ್ಟ ಗಮನವನ್ನು ಆ ಶಿಕ್ಷಣ ನಡೆದ ಕಟ್ಟಡಗಳಿಗೆ ಕೊಟ್ಟದ್ದು ಕಡಿಮೆ. ಕಾಲೇಜು ಕಟ್ಟಡದ ಪ್ರಸ್ತಾಪ ಸಾಮಾನ್ಯವಾಗಿ ಎರಡು ಕಡೆ ಬರುತ್ತದೆ. ಒಂದು, ಸ್ಮರಣ ಸಂಚಿಕೆಗಳ ಶಂಕುಸ್ಥಾಪನೆಯ ವಿವರದಲ್ಲಿ. ಇನ್ನೊಂದು, ಪ್ರವೇಶಾತಿಯ ಕೈಪಿಡಿಗಳಲ್ಲಿ 'ಸೌಲಭ್ಯಗಳು' ಎಂಬ ಶೀರ್ಷಿಕೆಯ ಕೆಳಗೆ. ಮೊದಲನೆಯದು ದಾನಿಯ ಹೆಸರನ್ನು ಹೇಳಿ ಮುಗಿಯುತ್ತದೆ. ಎರಡನೆಯದು ಕೊಠಡಿಗಳ ಸಂಖ್ಯೆಯನ್ನು ಹೇಳಿ ಮುಗಿಯುತ್ತದೆ. ಆದರೆ ವಿದ್ಯಾರ್ಥಿಯೊಬ್ಬ ಕಾಲೇಜಿನಲ್ಲಿ ಕಳೆಯುವ ಕಾಲದ ಒಂದು ದೊಡ್ಡ ಪಾಲು ಈ ಎರಡು ದಾಖಲೆಗಳಿಗೂ ಸಿಗದ ಜಾಗದಲ್ಲಿ ಕಳೆದುಹೋಗುತ್ತದೆ. ತರಗತಿಗೂ ತರಗತಿಗೂ ನಡುವಣ ಪಡಸಾಲೆ, ಮೆಟ್ಟಿಲು, ಕಟ್ಟೆ, ಮರದ ನೆರಳು ಇವು ಯಾವ ವಿಭಾಗಕ್ಕೂ ಸೇರಿದವಲ್ಲ. ವಿದ್ಯಾವರಣದ ವಾಸ್ತುವನ್ನು ಕುರಿತ ಯಾವುದೇ ವಿಮರ್ಶೆ ಯಾರಿಗೂ ಸೇರದ ಈ ಜಾಗದಿಂದಲೇ ಆರಂಭವಾಗಬೇಕಾಗಿದೆ.

ಕನ್ನಡ ನಾಡಿನ ಹಳೆಯ ಕಾಲೇಜುಗಳ ಪಡಸಾಲೆ ಶಿಕ್ಷಣಕ್ಕಾಗಿಯೇ ಹುಟ್ಟಿದ್ದಲ್ಲ ಎಂಬುದು ಗಮನಾರ್ಹ. ಧಾರವಾಡದಲ್ಲಿ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ನೆಲೆಗೊಂಡದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಯಾಗಿದ್ದ ಕಟ್ಟಡದಲ್ಲಿ. ರೈಲ್ವೆಯ ಲೆಕ್ಕಪತ್ರಗಳಿಗಾಗಿ ಎದ್ದ ಗೋಡೆಗಳ ನಡುವೆ ಮುಂದೆ ಕಾವ್ಯಮೀಮಾಂಸೆಯ ಪಾಠ ನಡೆಯಿತು. ವಸಾಹತು ಕಾಲದ ಕಚೇರಿ ವಾಸ್ತುವಿನಲ್ಲಿ ವರಾಂಡಕ್ಕೆ ಎರಡು ಕೆಲಸಗಳಿದ್ದವು. ಬಿಸಿಲು ಮಳೆಗಳು ಒಳಗೋಡೆಗೆ ತಾಕದಂತೆ ತಡೆಯುವುದು ಒಂದು. ಒಳಗೆ ಕರೆಸಿಕೊಳ್ಳುವವರೆಗೆ ಅರ್ಜಿದಾರರನ್ನೂ ಜವಾನರನ್ನೂ ಹೊರಗೆ ನಿಲ್ಲಿಸುವುದು ಇನ್ನೊಂದು. ಅಧಿಕಾರದ ಎದುರು ಕಾಯುವ ಜಾಗವಾಗಿದ್ದ ವರಾಂಡ ಕಾಲೇಜಿನ ಕೈಗೆ ಬಂದ ಮೇಲೆ ಮಾತನಾಡುವ ಜಾಗವಾಯಿತು. ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗದೆ ನಡೆದ ಈ ಅರ್ಥಪಲ್ಲಟವನ್ನು ಯಾವ ಸಂಸ್ಥೆಯ ಚರಿತ್ರೆಯಾದರೂ ತನ್ನ ಸಾಧನೆಗಳಲ್ಲಿ ಒಂದೆಂದು ಎಣಿಸಿಕೊಳ್ಳಬಹುದಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ನೆನೆಯುವಾಗಲೂ ಹೀಗೆಯೇ ಆಗುತ್ತದೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಶೋಧವನ್ನು ಕುರಿತು ಅಲ್ಲಿ ಉಪನ್ಯಾಸ ಕೊಟ್ಟದ್ದು ದಾಖಲಾಗಿದೆ. ಉಪನ್ಯಾಸ ಮುಗಿದ ಮೇಲೆ ಹೊರಗಿನ ಪಡಸಾಲೆಯಲ್ಲಿ ನಿಂತವರು ಏನು ಮಾತನಾಡಿಕೊಂಡಿರಬಹುದು ಎಂಬುದು ಚರಿತ್ರೆಯ ವಿಷಯವಾಗುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಈ ಪ್ರಶ್ನೆಯ ಎರಡು ಘಟ್ಟಗಳು ಒಂದೇ ಕಡೆ ಕಾಣಸಿಗುತ್ತವೆ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿಯಲ್ಲಿ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಮುಖ್ಯ ಕಟ್ಟಡವು ಎತ್ತರದ ಕಂಬಗಳು ಮತ್ತು ನಡುಗೋಪುರದ ಮೂಲಕ ದೂರದಿಂದ ನೋಡುವವನನ್ನು ಉದ್ದೇಶಿಸಿ ಮಾತನಾಡುತ್ತದೆ. ಅದು ಮುಂಭಾಗದ ವಾಸ್ತು. ಇದಕ್ಕೆ ಪ್ರತಿಯಾಗಿ 1940ರ ದಶಕದಲ್ಲಿ ಅದೇ ಆವರಣದಲ್ಲಿ ಓಟೊ ಕೋನಿಗ್ಸ್‌ಬರ್ಗರ್ ರೂಪಿಸಿದ ಕಟ್ಟಡಗಳನ್ನು ನೋಡಬೇಕು. ನಾಜಿ ಆಡಳಿತದಿಂದ ತಪ್ಪಿಸಿಕೊಂಡು ದೇಶಾಂತರ ಬಂದ ಈ ಯಹೂದಿ ವಾಸ್ತುಶಿಲ್ಪಿ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಉಷ್ಣವಲಯದ ಕಟ್ಟಡಗಳನ್ನು ಕುರಿತು ಅವರು ಮುಂದೆ ಲಂಡನ್ನಿನಲ್ಲಿ ಬೋಧಿಸಿದ ಶಾಸ್ತ್ರದ ಮೊದಲ ಪ್ರಯೋಗಗಳು ಇಲ್ಲಿ ನಡೆದವು. ವೈಮಾಂತರಿಕ್ಷ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳಲ್ಲಿ, ಊಟದ ಮನೆ ಮತ್ತು ಸಭಾಂಗಣದಲ್ಲಿ ಅವರು ಗಾಳಿಯ ದಿಕ್ಕು, ಬಿಸಿಲಿನ ಕೋನ, ಮುಂಚಾಚಿದ ಸೂರು ಇವನ್ನು ಅಲಂಕಾರದ ಸ್ಥಾನಕ್ಕೆ ತಂದರು. ಗೋಪುರದಿಂದ ಗಾಳಿಗೆ ಬಂದ ಈ ಪಲ್ಲಟ ಸಣ್ಣದಲ್ಲ. ಆದರೆ ಅವರ ಆಸಕ್ತಿ ಮುಖ್ಯವಾಗಿ ಕೆಲಸ ಮಾಡುವ ದೇಹದ ಹಿತದಲ್ಲಿತ್ತು. ಕೆಲಸ ಬಿಟ್ಟು ನಿಂತವರ ಮಾತಿನ ಕಡೆಗೆ ಅದು ಇನ್ನೂ ಹೊರಳಿರಲಿಲ್ಲ.

ಮಾನಸಗಂಗೋತ್ರಿಯದು ಬೇರೆಯದೇ ಕಥೆ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಸ್ನಾತಕೋತ್ತರ ವಿಭಾಗಗಳಿಗೆ ಕುಕ್ಕರಹಳ್ಳಿ ಕೆರೆಯ ಆಚೆಗಿನ ವಿಶಾಲ ನೆಲವನ್ನು ಆರಿಸಿ ಅದಕ್ಕೊಂದು ಹೆಸರನ್ನು ಕೊಟ್ಟರು. ಆ ಹೆಸರೇ ಒಂದು ವಾಸ್ತು ಕಲ್ಪನೆಯನ್ನು ಹೊತ್ತಿದೆ: ಉಗಮ, ಹರಿವು, ಬಯಲು. ಕಟ್ಟಡಗಳು ಆ ಕಲ್ಪನೆಯನ್ನು ಎಷ್ಟರಮಟ್ಟಿಗೆ ಅನುಸರಿಸಿದವು ಎಂಬುದು ಚರ್ಚಾಸ್ಪದ. ಮರಗಳ ನಡುವೆ ದೂರದೂರಕ್ಕೆ ನಿಂತ ವಿಭಾಗಗಳು ಏಕಾಂತದ ಅಧ್ಯಯನಕ್ಕೆ ಅನುಕೂಲವಾದವು. ಒಂದು ವಿಭಾಗದವರು ಇನ್ನೊಂದು ವಿಭಾಗದವರನ್ನು ಆಕಸ್ಮಿಕವಾಗಿ ಎದುರುಗೊಳ್ಳುವ ಅವಕಾಶ ಅಷ್ಟೇ ಕುಗ್ಗಿತು. ಅಂತರ್‌ಶಿಸ್ತೀಯ ಅಧ್ಯಯನದ ಬಗ್ಗೆ ಇಷ್ಟೊಂದು ವಿಚಾರ ಸಂಕಿರಣಗಳು ನಡೆದ ನಾಡಿನಲ್ಲಿ ವಿಭಾಗಗಳ ನಡುವಿನ ದಾರಿಯ ಉದ್ದವನ್ನು ಯಾರೂ ಅಳೆಯದಿರುವುದು ಸ್ವಾರಸ್ಯದ ಸಂಗತಿ. ಅದೇ ಆವರಣದ ಜಯಲಕ್ಷ್ಮೀ ವಿಲಾಸವು ಇದಕ್ಕೆ ಅಪವಾದವಾಗಿ ನಿಲ್ಲುತ್ತದೆ. ರಾಜಕುಮಾರಿಯೊಬ್ಬರಿಗಾಗಿ 1905ರ ಸುಮಾರಿಗೆ ಕಟ್ಟಿದ ಮಹಲು 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯಕ್ಕೆ ನೆಲೆಯಾಯಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅವರಂಥವರ ಶ್ರಮದಿಂದ ನೇಗಿಲು, ನೊಗ, ಕುಟ್ಟುವ ಒರಳು, ಸೋಮನ ಮುಖ, ಯಕ್ಷಗಾನದ ಕಿರೀಟಗಳು ಅರಮನೆಯ ಒಳಾಂಗಣವನ್ನು ಪ್ರವೇಶಿಸಿದವು. ಹಿಂದೆ ಅಂಗಳದಾಚೆಗೇ ನಿಲ್ಲಬೇಕಾಗಿದ್ದ ಜನರ ಬದುಕಿನ ಸಲಕರಣೆಗಳು ದರ್ಬಾರಿನ ಸ್ಥಾನದಲ್ಲಿ ಕುಳಿತವು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ 2000ದ ದಶಕದಲ್ಲಿ ಜೀರ್ಣೋದ್ಧಾರಗೊಂಡ ಈ ಮಹಲು ಎರಡು ದಶಕಗಳೊಳಗೆ ಮತ್ತೆ ದುರಸ್ತಿಯನ್ನು ಬೇಡುವ ಸ್ಥಿತಿಗೆ ಬಂದಿತು.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವನ್ನು ತುಸು ವಿವರವಾಗಿ ಪರಿಶೀಲಿಸಬೇಕಾಗಿದೆ. ಕರ್ನಾಟಕದಲ್ಲಿ ಪಡಸಾಲೆಯನ್ನೇ ಕಟ್ಟಡದ ಮುಖ್ಯ ವಸ್ತುವನ್ನಾಗಿ ಮಾಡಿಕೊಂಡ ವಿದ್ಯಾವರಣಗಳಲ್ಲಿ ಇದಕ್ಕೆ ಮೊದಲ ಸ್ಥಾನ ಸಲ್ಲುತ್ತದೆ. 1973ರಲ್ಲಿ ಸ್ಥಾಪನೆಯಾದ ಸಂಸ್ಥೆಗೆ ಬನ್ನೇರುಘಟ್ಟ ರಸ್ತೆಯ ಸುಮಾರು 100 ಎಕರೆ ನೆಲದಲ್ಲಿ ಬಾಲಕೃಷ್ಣ ವಿಠಲದಾಸ ದೋಶಿಯವರು 1977ರಿಂದ ವಿನ್ಯಾಸವನ್ನು ರೂಪಿಸಿದರು. ಕಟ್ಟುವ ಕೆಲಸ ಹಂತಹಂತವಾಗಿ 1990ರ ದಶಕದವರೆಗೆ ನಡೆಯಿತು. ದೋಶಿ ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೆ ಅವರ ಬಳಿ ಕೆಲಸ ಮಾಡಿದವರು. ಅಹಮದಾಬಾದಿನ ನಿರ್ವಹಣಾ ಸಂಸ್ಥೆಗೆ ಲೂಯಿ ಕಾನ್ ಬರುವಂತೆ ಮಾಡಿ ಅವರೊಡನೆ ದುಡಿದವರು. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದ ಅವರು 2023ರಲ್ಲಿ ತೀರಿಕೊಂಡರು.

ಬೆಂಗಳೂರಿನ ಕಟ್ಟಡವನ್ನು ಹೊರಗಿನಿಂದ ವರ್ಣಿಸುವುದು ಕಷ್ಟ, ಏಕೆಂದರೆ ಅದಕ್ಕೆ ಹೇಳಿಕೊಳ್ಳುವಂಥ ಮುಂಭಾಗವಿಲ್ಲ. ಒರಟಾಗಿ ಒಡೆದ ಬೂದುಬಣ್ಣದ ಗ್ರಾನೈಟ್ ಗೋಡೆಗಳು, ಗಾರೆ ಬಳಿಯದ ಕಾಂಕ್ರೀಟಿನ ತೊಲೆಗಳು, ನಡುನಡುವೆ ಅಂಗಳಗಳು. ಇವೆಲ್ಲವನ್ನೂ ಪೋಣಿಸುವುದು ಮೂರು ಅಂತಸ್ತಿನ ಎತ್ತರಕ್ಕೆ ಏರುವ ಪಡಸಾಲೆಗಳ ಜಾಲ. ಪಡಸಾಲೆ ಒಂದು ಕಡೆ ಪೂರ್ತಿ ಮುಚ್ಚಿದೆ. ಮುಂದೆ ಮೇಲ್ಬೆಳಕಿಗೆ ತೆರೆದುಕೊಳ್ಳುತ್ತದೆ. ಇನ್ನೂ ಮುಂದೆ ಕಾಂಕ್ರೀಟ್ ತೊಲೆಗಳ ಚಪ್ಪರವಷ್ಟೇ ಉಳಿದು ಬಿಸಿಲು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಚಪ್ಪರಕ್ಕೆ ಹಬ್ಬಿದ ಬಳ್ಳಿಗಳಿಂದಾಗಿ ವರ್ಷದ ಬೇರೆ ಬೇರೆ ಕಾಲದಲ್ಲಿ ಅದೇ ದಾರಿಯ ಬೆಳಕು ಬೇರೆಯಾಗುತ್ತದೆ. ಅಗಲವೂ ಒಂದೇ ಸಮನಾಗಿಲ್ಲ. ಎಲ್ಲಿ ಅದು ಹಿಗ್ಗುತ್ತದೆಯೋ ಅಲ್ಲಿ ನಡೆಯುವವನ ಹೆಜ್ಜೆ ನಿಧಾನವಾಗುತ್ತದೆ. ತರಗತಿಯ ಕೊಠಡಿಗಳು ಈ ಪಡಸಾಲೆಯ ಬದಿಗೆ ಅಂಟಿಕೊಂಡಂತೆ ಇವೆ. ಸಾಮಾನ್ಯ ಕಾಲೇಜಿನಲ್ಲಿ ಕೊಠಡಿಗಳನ್ನು ಜೋಡಿಸಿದ ಮೇಲೆ ಮಿಕ್ಕ ಜಾಗ ಪಡಸಾಲೆಯಾಗುತ್ತದೆ. ಇಲ್ಲಿ ಪಡಸಾಲೆಯನ್ನು ಹಾಸಿದ ಮೇಲೆ ಕೊಠಡಿಗಳಿಗೆ ಜಾಗ ಸಿಕ್ಕಿದೆ. ಬೆಂಗಳೂರಿನ ಹಿತವಾದ ಹವೆಯಲ್ಲಿ ವರ್ಷದ ಬಹುಕಾಲ ಹೊರಗೆ ನಿಂತು ಮಾತನಾಡಬಹುದು ಎಂಬ ಸರಳ ತಿಳಿವಳಿಕೆ ಈ ಇಡೀ ವಿನ್ಯಾಸದ ಬುನಾದಿಯಲ್ಲಿದೆ. ಅಹಮದಾಬಾದಿನ ಉರಿಬಿಸಿಲಿನಲ್ಲಿ ಇಟ್ಟಿಗೆಯ ದಪ್ಪ ಗೋಡೆಗಳ ನೆರಳನ್ನು ನೆಚ್ಚಿದ ಕಾನ್ ಅವರ ಕಟ್ಟಡದಿಂದ ದೋಶಿಯವರ ಕೃತಿ ಬೇರೆಯಾಗುವುದೂ ಇಲ್ಲಿಯೇ.

ತಮ್ಮ ವಿನ್ಯಾಸದ ಹಿಂದೆ ಫತೇಪುರ್ ಸಿಕ್ರಿ ಮತ್ತು ಮದುರೆಯ ದೇವಾಲಯದ ನೆನಪುಗಳಿವೆ ಎಂದು ದೋಶಿ ಹೇಳಿಕೊಂಡಿದ್ದಾರೆ. ವಾಸ್ತುಶಾಸ್ತ್ರದ ಬರಹಗಳು ಈ ಮಾತನ್ನು ಮರುನುಡಿಯುತ್ತ ಬಂದಿವೆ. ಕನ್ನಡದ ಓದುಗರಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಾರದು. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಇದೇ ಕಲ್ಲು ಚಪ್ಪಡಿಯಾಗಿ, ಹೊಲದ ಬೇಲಿಯ ಕಂಬವಾಗಿ, ಬಾವಿಯ ಕಟ್ಟೆಯಾಗಿ ದಿನಬಳಕೆಯಲ್ಲಿದೆ. ತೊಟ್ಟಿಮನೆಯ ನಡು ಅಂಗಳ, ಮೊಗಸಾಲೆ, ಬೀದಿಗೆ ಚಾಚಿದ ಜಗಲಿ, ಗುಡಿಯ ಪ್ರಾಕಾರದ ಕೈಸಾಲೆ ಇವು ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗಗಳ ಒಂದು ಪರಿಭಾಷೆಯನ್ನೇ ಕನ್ನಡಕ್ಕೆ ಕೊಟ್ಟಿವೆ. ದೋಶಿಯವರ ಕಟ್ಟಡ ಇಲ್ಲಿಯ ನೆಲಕ್ಕೆ ಹೊಂದಿಕೊಂಡದ್ದಕ್ಕೆ ಅವರು ಹೇಳಿಕೊಂಡ ಮೂಲಗಳಿಗಿಂತ ಈ ಕಲ್ಲು ಮತ್ತು ಈ ಜಗಲಿಯೇ ಹೆಚ್ಚು ಕಾರಣ ಎನ್ನಬೇಕು.

ಆದರೆ ಜಗಲಿಯ ಹೊಗಳಿಕೆಯಲ್ಲಿ ಒಂದು ಅಪಾಯವೂ ಇದೆ. ದೇಸಿ ವಾಸ್ತುವಿನ ಬಗೆಗಿನ ಬರಹಗಳು ಜಗಲಿಯನ್ನು ಸಹಬಾಳ್ವೆಯ ಸಂಕೇತವಾಗಿ ಚಿತ್ರಿಸುವಾಗ ಯಾರು ಅದನ್ನು ಹತ್ತಬಹುದಾಗಿತ್ತು, ಯಾರು ಬೀದಿಯಲ್ಲೇ ನಿಲ್ಲಬೇಕಾಗಿತ್ತು ಎಂಬ ಪ್ರಶ್ನೆಯನ್ನು ಮರೆಯುತ್ತವೆ. ಅಗ್ರಹಾರದ ಜಗಲಿಗೂ ಗುಡಿಯ ಪ್ರಾಕಾರಕ್ಕೂ ಜಾತಿಯ ಗಡಿಗಳು ಖಚಿತವಾಗಿದ್ದವು. ಹೆಂಗಸರಿಗೆ ಮುಂಜಗಲಿಗಿಂತ ಹಿತ್ತಿಲ ಬಾಗಿಲೇ ಸಲ್ಲುತ್ತಿತ್ತು. ಆಧುನಿಕ ಕಾಲೇಜಿನ ಪಡಸಾಲೆಯ ಹೊಸತನ ಇರುವುದು ಈ ಗಡಿಗಳನ್ನು ತಾತ್ವಿಕವಾಗಿಯಾದರೂ ನಿರಾಕರಿಸಿದ್ದರಲ್ಲಿ. ಪ್ರವೇಶ ಪಡೆದ ಯಾರೇ ಆಗಲಿ ಅಲ್ಲಿ ನಿಲ್ಲಬಹುದು. 'ತಾತ್ವಿಕವಾಗಿ' ಎಂಬ ಮಾತನ್ನು ಒತ್ತಿ ಹೇಳಬೇಕು. ಹಳ್ಳಿಯಿಂದ ಮೊದಲ ತಲೆಮಾರಿನವನಾಗಿ ಬಂದ ಹುಡುಗ ಪಡಸಾಲೆಯ ಗುಂಪನ್ನು ಸೇರುವ ಮೊದಲು ಅವನಿಗೆ ಊಟ ಮತ್ತು ವಸತಿ ಬೇಕು. ಜಾತಿ ಸಂಘಗಳೂ ಮಠಗಳೂ ನಡೆಸಿದ ವಿದ್ಯಾರ್ಥಿನಿಲಯಗಳು, ಆಮೇಲಿನ ಸರ್ಕಾರಿ ಹಾಸ್ಟೆಲುಗಳು ಇಲ್ಲದಿದ್ದರೆ ಮೈಸೂರು, ಬೆಂಗಳೂರು, ಧಾರವಾಡಗಳ ಕಾಲೇಜುಗಳು ಪಟ್ಟಣದ ಕೆಲವೇ ಬೀದಿಗಳ ಸ್ವತ್ತಾಗಿ ಉಳಿಯುತ್ತಿದ್ದವು. ಹೆಣ್ಣುಮಕ್ಕಳ ವಿಷಯದಲ್ಲಂತೂ ಶೌಚಾಲಯ ಮತ್ತು ವಿಶ್ರಾಂತಿ ಕೊಠಡಿಗಳು ಅವರು ಆವರಣದಲ್ಲಿ ಎಷ್ಟು ಹೊತ್ತು ಇರಬಲ್ಲರು ಎಂಬುದನ್ನೇ ನಿರ್ಧರಿಸುತ್ತವೆ. ಹೀಗಾಗಿ 'ಸೌಲಭ್ಯ' ಎಂಬ ಪದವನ್ನು ವಾಸ್ತುವಿನ ಹೆಸರಿನಲ್ಲಿ ಹಗುರವಾಗಿ ಕಾಣುವಂತಿಲ್ಲ. ಅದು ಪಡಸಾಲೆಗೆ ಹೋಗುವ ದಾರಿ. ಬನ್ನೇರುಘಟ್ಟ ರಸ್ತೆಯ ಕಟ್ಟಡದ ಬಗೆಗೆ ಎತ್ತಬೇಕಾದ ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ: ಒಳಗೆ ಅಷ್ಟು ತೆರೆದುಕೊಂಡಿರುವ ಆವರಣ ಊರಿಗೆ ಮುಚ್ಚಿಕೊಂಡಿದೆ. ಅದರ ಕಲ್ಲಿನ ಪಡಸಾಲೆಗಳನ್ನು ಜನಸಾಮಾನ್ಯರು ಕಂಡದ್ದು ಬಹುಮಟ್ಟಿಗೆ 2009ರ 'ತ್ರೀ ಈಡಿಯಟ್ಸ್' ಎಂಬ ಹಿಂದಿ ಚಲನಚಿತ್ರದಲ್ಲಿ, ಅದೂ ಒಂದು ಕಲ್ಪಿತ ಎಂಜಿನಿಯರಿಂಗ್ ಕಾಲೇಜಾಗಿ.

ಸಮಸ್ಯೆಯಿರುವುದು ಸೌಲಭ್ಯದಲ್ಲಲ್ಲ, ಅದನ್ನು ಅಳೆಯುವ ಕ್ರಮದಲ್ಲಿ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ತನ್ನ ಏಳು ಮಾನದಂಡಗಳಲ್ಲಿ ಒಂದನ್ನು ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲಗಳಿಗೆ ಮೀಸಲಿಟ್ಟಿತು. ಇದರಿಂದ ಅನೇಕ ಕಾಲೇಜುಗಳಿಗೆ ಗ್ರಂಥಾಲಯ, ಗಣಕ ಕೊಠಡಿ, ಕುಡಿಯುವ ನೀರು ಬಂದವು ಎಂಬುದನ್ನು ಒಪ್ಪಲೇಬೇಕು. 2017ರ ಪರಿಷ್ಕೃತ ಚೌಕಟ್ಟು ಅಂಕಿಗಳಿಗೆ ಇನ್ನಷ್ಟು ಒತ್ತು ಕೊಟ್ಟಿತು. ಎಣಿಕೆಯ ಕ್ರಮಕ್ಕೆ ಅದರದೇ ಆದ ಹಸಿವಿದೆ. ಹೆಸರಿಲ್ಲದ ಜಾಗ ಎಣಿಕೆಗೆ ಬಾರದು. ಎಣಿಕೆಗೆ ಬಾರದ ಜಾಗ ಖಾಲಿ ಎಂದು ತೋರುತ್ತದೆ. ಖಾಲಿ ತೋರಿದ ಕಡೆ ಅಲ್ಯೂಮಿನಿಯಂ ಚೌಕಟ್ಟು ಮತ್ತು ಗಾಜು ಏಳುತ್ತವೆ. ಹೀಗೆ ಪಡಸಾಲೆಯ ಒಂದು ತುದಿ ಯಾವುದೋ 'ಕೋಶ'ವಾಗುತ್ತದೆ, ಇನ್ನೊಂದು ತುದಿಗೆ ಸುರಕ್ಷತೆಯ ಕಾರಣದಿಂದ ಕಬ್ಬಿಣದ ಸರಳು ಬರುತ್ತದೆ. ಗೋಡೆ ಮುಚ್ಚಿದ ಮೇಲೆ ಒಳಗಿನ ಕೊಠಡಿಗೆ ಗಾಳಿ ಸಾಲದೆ ಹವಾನಿಯಂತ್ರಣ ಯಂತ್ರ ಬೇಕಾಗುತ್ತದೆ. ಅದೂ ಸೌಲಭ್ಯಗಳ ಪಟ್ಟಿಗೆ ಸೇರುತ್ತದೆ.

ಪಟ್ಟಿಯ ಈ ವ್ಯಾಮೋಹ ಹೊಸದನ್ನು ಸೇರಿಸುವಷ್ಟು ಉತ್ಸಾಹವನ್ನು ಇದ್ದುದನ್ನು ಉಳಿಸುವುದರಲ್ಲಿ ತೋರುವುದಿಲ್ಲ. 2022ರ ಅಕ್ಟೋಬರಿನಲ್ಲಿ ಮೈಸೂರಿನ ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಒಂದು ಭಾಗ, ರಸಾಯನಶಾಸ್ತ್ರ ಪ್ರಯೋಗಾಲಯ ಸಹಿತ, ಕುಸಿಯಿತು. ವಿದ್ಯಾರ್ಥಿನಿಯರನ್ನು ಮೊದಲೇ ಹೊರಗೆ ಕಳುಹಿಸಿದ್ದರಿಂದ ಪ್ರಾಣಹಾನಿ ತಪ್ಪಿತು. ಗಾರೆಯ ಕಟ್ಟಡ ಒಂದೇ ದಿನದಲ್ಲಿ ಬೀಳುವುದಿಲ್ಲ. ತಾರಸಿಯ ನೀರು ಹರಿಯುವ ಕೊಳವೆ ಕಟ್ಟಿಕೊಳ್ಳುವುದು, ಗೋಡೆಯ ಸಂದಿನಲ್ಲಿ ಅರಳಿಯ ಸಸಿ ಬೇರುಬಿಡುವುದು, ತೊಲೆಯ ತುದಿ ನೆನೆಯುವುದು ಇವು ವರ್ಷಾನುಗಟ್ಟಲೆ ಕಣ್ಣೆದುರೇ ನಡೆಯುವ ಕ್ರಿಯೆಗಳು. ಇವನ್ನು ತಡೆಯಲು ಬೇಕಾದದ್ದು ಏಣಿ ಹತ್ತುವ ಒಬ್ಬ ಕೆಲಸಗಾರ, ಮಳೆಗಾಲಕ್ಕೆ ಮೊದಲು ಸಿಗುವ ಸಣ್ಣ ಮೊತ್ತ. ಹೊಸ ಬ್ಲಾಕಿಗೆ ಶಿಲಾಫಲಕ ಸಿಗುತ್ತದೆ. ಕೊಳವೆ ಶುಚಿ ಮಾಡಿದ್ದಕ್ಕೆ ಸಿಗುವುದಿಲ್ಲ.

ಬಡತನವೊಂದೇ ಇದಕ್ಕೆ ಕಾರಣವಲ್ಲ ಎಂಬುದಕ್ಕೆ ಅಹಮದಾಬಾದಿನ ಪ್ರಕರಣ ಸಾಕ್ಷಿ. ಅಲ್ಲಿಯ ನಿರ್ವಹಣಾ ಸಂಸ್ಥೆ 2020ರ ಡಿಸೆಂಬರಿನಲ್ಲಿ ಕಾನ್ ವಿನ್ಯಾಸದ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವುವ ಪ್ರಸ್ತಾಪ ಮುಂದಿಟ್ಟಿತು. ದೇಶವಿದೇಶಗಳ ವಿರೋಧದಿಂದಾಗಿ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ 2022ರ ನವೆಂಬರಿನಲ್ಲಿ ಪುನರ್‌ನಿರ್ಮಾಣದ ನಿರ್ಧಾರ ಮತ್ತೆ ಹೊರಬಿತ್ತು. ಇಟ್ಟಿಗೆ ಶಿಥಿಲವಾಗಿದೆ, ವಾಸಿಸುವವರ ಸುರಕ್ಷತೆ ಮುಖ್ಯ ಎಂಬ ಸಂಸ್ಥೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಕಟ್ಟಡದ ಕೀರ್ತಿಗಾಗಿ ವಿದ್ಯಾರ್ಥಿಗಳು ಅಪಾಯದಲ್ಲಿ ಮಲಗಬೇಕಿಲ್ಲ. ಆದರೆ ಆ ನಿಲಯಗಳ ಅರ್ಥ ಮಲಗುವ ಕೋಣೆಗಳಲ್ಲಿ ಮಾತ್ರ ಇರಲಿಲ್ಲ. ಕೋಣೆಗಳ ಗುಂಪಿಗೊಂದು ಕೂಡುವ ಜಾಗವನ್ನು ಕೊಟ್ಟು, ನಿಲಯದಿಂದ ನಿಲಯಕ್ಕೆ ಅಂಗಳಗಳನ್ನು ಹಾಸಿ, ವಸತಿಯನ್ನೇ ಪಾಠದ ಮುಂದುವರಿಕೆಯಾಗಿ ಕಾನ್ ಕಲ್ಪಿಸಿದ್ದರು. ಮಂಚಗಳ ಸಂಖ್ಯೆಯನ್ನು ಹೊಸ ಕಟ್ಟಡವೂ ಒದಗಿಸಬಲ್ಲದು. ಆ ಕೂಡುವ ಜಾಗಗಳ ಅಳತೆ, ಅವುಗಳಿಗೆ ಬೀಳುತ್ತಿದ್ದ ನೆರಳು, ಅಲ್ಲಿಂದ ತರಗತಿಗೆ ಇದ್ದ ದಾರಿ ಇವು ನಕ್ಷೆಯಲ್ಲಿ ಉಳಿಯುತ್ತವೆಯೇ ಎಂಬುದನ್ನು ಕರ್ನಾಟಕದ ಕಾಲೇಜುಗಳ ಆಡಳಿತ ಮಂಡಳಿಗಳೂ ತಮ್ಮ ಮುಂದಿನ ಬ್ಲಾಕಿನ ಅಂದಾಜುಪಟ್ಟಿಗೆ ಸಹಿ ಹಾಕುವ ಮೊದಲು ಕೇಳಿಕೊಳ್ಳಬೇಕಾಗುತ್ತದೆ.