ಕರೆಯೋಲೆಯ ಕೊನೆಯ ಸಾಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಮ್ಮ ಹಿರಿಯರು ವೆಚ್ಚದ ಭಾರವನ್ನು ಸೂಚಿಸಲು ಹೇಳಿದರು. ಆದರೆ ಈ ಎರಡೂ ಸಂದರ್ಭಗಳಲ್ಲಿ ಇನ್ನೊಂದು ಪರೀಕ್ಷೆಯೂ ಅಡಗಿದೆ. ಕರೆದವರ ಮನಸ್ಸು, ಬಂದವರ ಮನಸ್ಸು ಎರಡೂ ಅಂದು ಬಯಲಾಗುತ್ತವೆ. ಇದು ಕರೆಯೋಲೆಯಿಂದಲೇ ಆರಂಭವಾಗುತ್ತದೆ. ಆದುದರಿಂದ ಗೃಹಪ್ರವೇಶದ ಕರೆಯೋಲೆಯ ಕೊನೆಯ ಸಾಲನ್ನು ಒಂದು ಕೃತಿಯ ಸಾಲಿನಂತೆ ಓದಿ ವಿಮರ್ಶಿಸುವುದು ಅಪ್ರಸ್ತುತವಾಗಲಾರದು.

ಆ ಸಾಲು ಈಗ ಮೂರು ಬಗೆಯಾಗಿದೆ. ಕೆಲವರು ಉಡುಗೊರೆಯ ವಿಷಯವನ್ನೇ ಎತ್ತುವುದಿಲ್ಲ. ಕೆಲವರು ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುತ್ತಾರೆ. ಮತ್ತೆ ಕೆಲವರು ತಮಗೆ ಬೇಕಾದ ವಸ್ತುಗಳ ಪಟ್ಟಿಯನ್ನೋ ಹಣ ಕಳುಹಿಸುವ ಸಂಕೇತವನ್ನೋ ಜೊತೆಗಿಡುತ್ತಾರೆ. ಮೂರನೆಯದು ಒರಟು, ಎರಡನೆಯದು ಸಭ್ಯ ಎಂಬುದು ಸಾಮಾನ್ಯ ಅಭಿಪ್ರಾಯ. ಒಂದು ಅನುಭವದ ತರುವಾಯ ಆ ಅಭಿಪ್ರಾಯದಲ್ಲಿ ನನಗೆ ನಂಬಿಕೆ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ ಧಾರವಾಡದ ಸಮೀಪ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಕರೆಯೋಲೆಯಲ್ಲಿ ಉಡುಗೊರೆ ಬೇಡವೆಂದು ಸ್ಪಷ್ಟವಾಗಿ ಬರೆದಿತ್ತು. ಅಲ್ಲಿ ನೋಡಿದರೆ ಯಜಮಾನ ದಂಪತಿಗಳ ಬದಿಯ ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಗಳು ಎದೆಯೆತ್ತರ ಬೆಳೆದಿದ್ದವು. ‘ಯಾಕೆ ತಂದಿರಿ?’ ಎನ್ನುತ್ತಲೇ ಅವರು ಸ್ವೀಕರಿಸುತ್ತಿದ್ದರು. ದೂರದ ಹಳ್ಳಿಯಿಂದ ಬಂದಿದ್ದ ವೃದ್ಧೆಯೊಬ್ಬರು ಕಂಬದ ಮರೆಯಲ್ಲಿ ನಿಂತಿದ್ದರು. ಊಟಕ್ಕೆ ಕರೆದಾಗ ಮೆಲ್ಲನೆ ಹೇಳಿದರು: ‘ಬ್ಯಾಡ ಅಂತ ಬರದಿದ್ರು, ಅದಕ್ಕ ತರಲಿಲ್ಲ ತಮ್ಮಾ. ಎಲ್ಲಾರೂ ತಂದಾರಲ್ಲ.’ ಕರೆಯೋಲೆಯ ಮಾತನ್ನು ನಿಜವೆಂದು ನಂಬಿದ ಆ ತಾಯಿಯೇ ಅಂದು ತಪ್ಪಿತಸ್ಥಳಂತೆ ನಿಲ್ಲಬೇಕಾಯಿತು. ಮನೆಯವರಿಗೆ ಇದು ತಿಳಿಯಲೇ ಇಲ್ಲ. ಸುಳ್ಳಾಡುವ ಉದ್ದೇಶವೂ ಅವರಿಗಿರಲಿಲ್ಲ; ಸೌಜನ್ಯದ ರೂಢಿಯೆಂದು ಬರೆಸಿದ್ದರು, ಅಷ್ಟೆ. ಆದರೆ ನಡೆಸುವ ಸಂಕಲ್ಪವಿಲ್ಲದೆ ಆಡಿದ ಮಾತು ಸೌಜನ್ಯದ ವೇಷದಲ್ಲಿದ್ದರೂ ಅಸತ್ಯದ ಫಲವನ್ನೇ ಕೊಡುತ್ತದೆ.

ಹಾಗಾದರೆ ಪಟ್ಟಿಯೇ ಲೇಸೆ? ಅಮೆರಿಕದಲ್ಲಿ ಈ ಪದ್ಧತಿಗೆ ನೂರು ವರ್ಷಗಳ ಇತಿಹಾಸವಿದೆ. 1924ರಲ್ಲಿ ಶಿಕಾಗೋ ನಗರದ ಮಾರ್ಷಲ್ ಫೀಲ್ಡ್ ಎಂಬ ದೊಡ್ಡ ಅಂಗಡಿಯು ವಧುವಿಗೆ ಬೇಕಾದ ಪಿಂಗಾಣಿ, ಬೆಳ್ಳಿ ಪಾತ್ರೆಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳತೊಡಗಿತು. ಒಂದೇ ವಸ್ತು ನಾಲ್ಕು ಬಾರಿ ಬಾರದಿರಲಿ ಎಂಬುದು ಅದರ ಉಪಯೋಗ. ವ್ಯಾಪಾರ ತನ್ನಲ್ಲಿಯೇ ನಡೆಯಲಿ ಎಂಬುದು ಅಂಗಡಿಯ ಲಾಭ. ಮದುವೆಯಿಂದ ಆ ಪಟ್ಟಿ ಕ್ರಮೇಣ ಗೃಹಪ್ರವೇಶಕ್ಕೂ ಹಬ್ಬಿತು. ಆದರೂ ಅದರ ವಿವರವನ್ನು ಕರೆಯೋಲೆಯಲ್ಲಿ ಮುದ್ರಿಸಬಾರದು, ಕೇಳಿದವರಿಗೆ ಮಾತ್ರ ಹೇಳಬೇಕು ಎಂಬುದು ಆ ದೇಶದ ಶಿಷ್ಟಾಚಾರ. ನಾವು ಪಟ್ಟಿಯನ್ನು ತೆಗೆದುಕೊಂಡು ಈ ಸಂಕೋಚವನ್ನು ಅಲ್ಲಿಯೇ ಬಿಟ್ಟುಬಂದಿದ್ದೇವೆ. 2021ರಲ್ಲಿ ಮದುರೆಯ ಮದುವೆಯೊಂದರ ಕರೆಯೋಲೆಯಲ್ಲಿಯೇ ಹಣ ಪಾವತಿಯ ಸಂಕೇತವನ್ನು ಮುದ್ರಿಸಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು.

‘ನಮ್ಮಲ್ಲಿಯೂ ಮುಯ್ಯಿಯ ಲೆಕ್ಕ ಬರೆಯುತ್ತಿರಲಿಲ್ಲವೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೋ ಇನ್ನಷ್ಟು ಸೇರಿಸಿಯೋ ಹಿಂದಿರುಗಿಸುವ ಕ್ರಮ ನಮ್ಮ ಹಳ್ಳಿಗಳಲ್ಲಿ ಇದೆ. ಅದರಲ್ಲಿಯೂ ಸಾಲದ ನೆರಳಿದೆ. ತೀರಿಸಲಾರದ ಬಡವರು ಕುಗ್ಗಿದ್ದೂ ಉಂಟು. ಆದರೆ ಒಂದು ಭೇದವನ್ನು ಮರೆಯಬಾರದು. ಮುಯ್ಯಿಯ ಪುಸ್ತಕವನ್ನು ಕೊಟ್ಟ ನಂತರ ಬರೆಯುತ್ತಾರೆ. ಈ ಪಟ್ಟಿಯನ್ನು ಕೊಡುವ ಮೊದಲೇ ಬರೆಯುತ್ತಾರೆ. ಅಲ್ಲಿ ಏನು, ಎಷ್ಟು ಎಂಬುದು ಕೊಡುವವನ ಶಕ್ತಿಗೆ ಬಿಟ್ಟ ವಿಷಯ. ಇಲ್ಲಿ ಪಡೆಯುವವನೇ ಅದನ್ನು ನಿರ್ಣಯಿಸುತ್ತಾನೆ. ಪಟ್ಟಿಯ ಅತಿ ಕಡಿಮೆ ಬೆಲೆಯ ವಸ್ತುವೂ ಕೈಗೆಟುಕದವನು ಏನು ಮಾಡಬೇಕು? ಅವನು ಬಾರದಿರುವುದೇ ಸುಲಭವೆಂದುಕೊಳ್ಳುತ್ತಾನೆ.

ಈ ವಿಷಯದಲ್ಲಿ ಸರ್ಕಾರದ ಕಾನೂನು ಕೂಡ ವಿಚಾರಕ್ಕೆ ಎಡೆಗೊಡುತ್ತದೆ. ಮದುವೆಯ ಸಂದರ್ಭದ ಉಡುಗೊರೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯುಂಟು. ಗೃಹಪ್ರವೇಶಕ್ಕೆ ಅಂತಹ ವಿನಾಯಿತಿಯಿಲ್ಲ. ಕಾನೂನು ಹೆಸರಿಸಿದ ಬಂಧುಗಳನ್ನು ಬಿಟ್ಟು ಉಳಿದವರಿಂದ ಒಂದು ವರ್ಷದಲ್ಲಿ ಬಂದ ಹಣ ಒಟ್ಟು 50,000 ರೂಪಾಯಿಗಳನ್ನು ಮೀರಿದರೆ ಅದಷ್ಟೂ ಆದಾಯವೆನಿಸುತ್ತದೆ. ನಾವು ಪ್ರೀತಿಯೆಂದು ಕರೆಯುವುದನ್ನು ಕಾನೂನು ಗಳಿಕೆಯೆಂದು ಕಾಣುತ್ತದೆ. ಕರೆಯುವಾಗಲೇ ಕೈಚಾಚಿದ್ದರೆ, ಅದು ಕಂಡದ್ದು ತಪ್ಪೆಂದು ಹೇಳುವುದು ಕಷ್ಟ.

ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದು ಹೊಲ ಮತ್ತು ಮನೆಗಳನ್ನು. ಶ್ರಾವಕನು ಮನೆ ಕಟ್ಟಬಾರದೆಂದು ಇದರ ಅರ್ಥವಲ್ಲ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಮನಸ್ಸಿನ ಮೂರ್ಛೆ ಎಂದು ಅದೇ ಗ್ರಂಥ ತಿಳಿಸುತ್ತದೆ. ಹೊಸ ಮನೆಯ ಹೊಸ್ತಿಲನ್ನು ದಾಟುವ ದಿನವೇ ಆ ಮೂರ್ಛೆಗೆ ಹೆಚ್ಚಿನ ಅವಕಾಶ. ಮನೆ ಕಟ್ಟಿದ ಗೌಂಡಿ, ಬಡಿಗರಿಗೆ ಬಟ್ಟೆ, ತಾಂಬೂಲ ಕೊಟ್ಟು ಗೌರವಿಸುವ ಪದ್ಧತಿ ನಮ್ಮಲ್ಲಿರುವುದು ಗಮನಾರ್ಹ. ಗೃಹಪ್ರವೇಶದ ದಿನ ಮನೆಯೊಡೆಯನು ಮೊದಲು ಕೊಡುವವನು. ಪಡೆಯುವುದು ಆಮೇಲಿನ ಮಾತು.

ಆದುದರಿಂದ ಮೂರು ಬಗೆಗಳಲ್ಲಿ ಮೊದಲನೆಯದಾದ ಮೌನವೇ ಉತ್ತಮವೆಂದು ನನ್ನ ಅಭಿಪ್ರಾಯ. ಪ್ರೀತಿಯಿಂದ ತಂದದ್ದನ್ನು ಸ್ವೀಕರಿಸಿ ಒಳಗಿಡಬೇಕು. ಮೇಜಿನ ಮೇಲೆ ಪ್ರದರ್ಶಿಸಬಾರದು, ಹೆಸರು ಹಿಡಿದು ಕೂಗಬಾರದು. ಆಪ್ತರು ‘ಏನು ಬೇಕು?’ ಎಂದು ತಾವಾಗಿ ಕೇಳಿದರೆ ಅವರ ಶಕ್ತಿಯನ್ನರಿತು ಸರಳವಾಗಿ ಹೇಳುವುದರಲ್ಲಿ ದೋಷವಿಲ್ಲ. ಅದರಿಂದ ವ್ಯರ್ಥವೂ ತಪ್ಪುತ್ತದೆ. ಉಡುಗೊರೆ ಬೇಡವೆಂದು ಬರೆಸುವವರು, ಎಂತಹ ದೊಡ್ಡವರು ತಂದರೂ ತಾಂಬೂಲದೊಡನೆ ಮರಳಿಸುವ ಧೈರ್ಯವಿದ್ದರೆ ಮಾತ್ರ ಬರೆಸಬೇಕು. ಬಂದವರೂ ಆ ಮಾತನ್ನು ಮೀರಿ ದೊಡ್ಡಸ್ತಿಕೆ ತೋರಬಾರದು. ಹಾಗೆ ತೋರುವುದು ಬರಿಗೈಯಲ್ಲಿ ಬಂದವರಿಗೆ ಮಾಡುವ ಅಪಮಾನ.

ಹೊಸ ಮನೆ ಕಟ್ಟಿದ ಬಂಧುಗಳು ಕರೆಯೋಲೆಯನ್ನು ಅಚ್ಚಿಗೆ ಕೊಡುವ ಮುನ್ನ ತಮ್ಮ ಬಳಗದ ಅತ್ಯಂತ ಬಡವರೊಬ್ಬರನ್ನು ನೆನೆದು ಅದನ್ನು ಒಮ್ಮೆ ಓದಲಿ. ಅವರು ಯಾವ ಅಳುಕೂ ಇಲ್ಲದೆ ಬಂದು ಪಂಕ್ತಿಯಲ್ಲಿ ಕುಳಿತು ಉಣ್ಣಬಲ್ಲರೆ? ಹೌದೆಂದು ತೋರಿದರೆ ಅಚ್ಚಾಗಲಿ. ಇಲ್ಲವಾದರೆ ಕೊನೆಯ ಸಾಲನ್ನು ತೆಗೆದುಹಾಕಲಿ.