ಚೆಂಬೂರಿನ ಮೂರು ಸೊನ್ನೆಗಳು

ಮಳೆಗಾಲ ಇನ್ನೇನು ಬಂತು ಅನ್ನುವಾಗ ಮುಂಬಯಿಯ ಪತ್ರಿಕೆಗಳಲ್ಲಿ ಒಂದು ಬಗೆಯ ಲೇಖನ ತಪ್ಪದೆ ಕಾಣಿಸಿಕೊಳ್ಳುತ್ತದೆ. ನಗರದಲ್ಲಿ ಇಷ್ಟು ಸ್ವಯಂಚಾಲಿತ ಮಳೆಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ, ಚೆಂಬೂರಿನ ಮಳೆ ಬೇರೆ, ಕುರ್ಲಾದ ಮಳೆ ಬೇರೆ ಎಂದು ಕೂತಲ್ಲೇ ನೋಡಬಹುದು ಎನ್ನುವ ಲೇಖನ. ಜೊತೆಗೊಂದು ನಕಾಶೆ, ಅದರ ತುಂಬ ಬಣ್ಣದ ಚುಕ್ಕೆಗಳು. ಇತ್ತೀಚಿನ ವರ್ಷಗಳಲ್ಲಿ ಈ ಭಜನೆಗೆ ಲೋರಾ ರೇಡಿಯೊ ಹೊಸ ತಾಳವಾಗಿ ಸೇರಿದೆ. ಲೈಸೆನ್ಸ್ ಬೇಡ, ಸಿಮ್ ಬೇಡ, ಒಂದು ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ, 15 ಕಿಲೋಮೀಟರ್ ಮುಟ್ಟುತ್ತದೆ. ದೂರದಿಂದ ಅಂಕಿ ತರುವ ಈ ಜಾಲಗಳ ಕೀರ್ತಿಯಲ್ಲಿ ಅರ್ಧ ಪಾಲು ಊದಿದ್ದು ಎನ್ನುವುದು ನನ್ನ ತೀರ್ಮಾನ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಷ್ಪಕ್ಷಪಾತಿಯ ವೇಷ ಹಾಕುವ ಕಷ್ಟ ಇರುವುದಿಲ್ಲ.

2005ರ ಜುಲೈ 26ರ ಕತೆಯನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್, ಅದೇ ಹೊತ್ತಿಗೆ ಕೊಲಾಬಾದಲ್ಲಿ 74. ಎರಡು ಮಾಪಕಗಳ ನಡುವೆ ಇಡೀ ನಗರ ಮುಳುಗಿತು, ಎಲ್ಲಿ ಎಷ್ಟು ಸುರಿಯಿತು ಎಂದು ಆ ಹೊತ್ತಿನಲ್ಲಿ ಹೇಳುವವರಿರಲಿಲ್ಲ. ಮರುವರ್ಷವೇ ಪಾಲಿಕೆ 35 ಸ್ವಯಂಚಾಲಿತ ಮಾಪಕಗಳನ್ನು ಕೂರಿಸಿತು. ಐಐಟಿ ಬಾಂಬೆಯ ಪ್ರೊ. ಕಪಿಲ್ ಗುಪ್ತಾ ಅವರ ತಂಡ ಆ ಕೆಲಸದ ಹಿಂದಿತ್ತು. ಮುಂದೆ ಅದು 60ಕ್ಕೆ ಏರಿತು. 2020ರ ಜೂನ್‌ನಲ್ಲಿ ಐಫ್ಲೋಸ್ ಎಂಬ ಪ್ರವಾಹ ಮುನ್ನೆಚ್ಚರಿಕೆ ವ್ಯವಸ್ಥೆಯೂ ಬಂತು. ಇಷ್ಟನ್ನೂ ಎಲ್ಲರೂ ಬರೆದಿದ್ದಾರೆ. ಯಾರೂ ಸರಿಯಾಗಿ ಹೊಗಳದ ಒಂದು ಸಂಗತಿ ಇದರಲ್ಲಿದೆ: ಆ ಮೊದಲ ಮಾಪಕಗಳಲ್ಲಿ ಹೆಚ್ಚಿನವನ್ನು ಇಟ್ಟದ್ದು ಅಗ್ನಿಶಾಮಕ ಠಾಣೆಗಳ ಮಾಡಿನ ಮೇಲೆ. ಹಗಲೂ ರಾತ್ರಿ ಮನುಷ್ಯರಿರುವ ಜಾಗ, ಕರೆಂಟು ಇರುವ ಜಾಗ, ಏಣಿ ಇರುವ ಜಾಗ! ಇಡೀ ಯೋಜನೆಯಲ್ಲಿ ಅತ್ಯಂತ ಬುದ್ಧಿವಂತಿಕೆಯ ನಿರ್ಧಾರ ಅದು. ನಕಾಶೆಯಲ್ಲಿ ಅದು ಕಾಣುವುದಿಲ್ಲ, ಹಾಗಾಗಿ ಲೇಖನದಲ್ಲೂ ಬರುವುದಿಲ್ಲ. ಪಾಲಿಕೆಯ ಜಾಲದ ಒಳಗಿನ ಆಡಳಿತ ನನ್ನ ವಿಷಯವಲ್ಲ. ಇಂಥ ಜಾಲಗಳನ್ನು ಕಟ್ಟುವ ರೂಢಿ, ಅದಕ್ಕಿಂತ ಹೆಚ್ಚಾಗಿ ಅವನ್ನು ಹೊಗಳುವ ರೂಢಿ ನನ್ನ ವಿಷಯ.

ನಾವು ನಾಲ್ಕು ಜನ ಚೆಂಬೂರಿನಲ್ಲಿ ಅಂಥದೊಂದು ಪುಟ್ಟ ಜಾಲ ಕಟ್ಟಿ ಕೈಸುಟ್ಟುಕೊಂಡವರು. ಡೈಮಂಡ್ ಗಾರ್ಡನ್ ಕಡೆಯ ಒಂದು ಸೊಸೈಟಿಯ ಟೆರೇಸಿನ ಮೇಲೆ ಸಂದೇಶ ಹಿಡಿಯುವ ಗೇಟ್‌ವೇ. ಘಾಟ್ಲಾ, ತಿಲಕ್ ನಗರ, ವಾಶಿ ನಾಕಾ ಕಡೆಗಳಲ್ಲಿ ಒಂದೊಂದು ಮಾಪಕ. ಎಲ್ಲವೂ 865ರಿಂದ 867 ಮೆಗಾಹರ್ಟ್ಸ್‌ನ ಪಟ್ಟಿಯಲ್ಲಿ. 15 ಕಿಲೋಮೀಟರ್ ಎಂದು ನಂಬಿದ ನಮಗೆ ಎರಡು ಕಿಲೋಮೀಟರ್ ದಾಟುವುದೇ ಸಾಹಸವಾಯಿತು. ಈ ಅಲೆ ನೂಲು ಹಿಡಿದಂತೆ ನೇರ ಹೋದರೂ ಅದಕ್ಕೆ ಸುತ್ತ ಜಾಗ ಬೇಕು. ಎರಡು ಕಿಲೋಮೀಟರ್ ದಾರಿಯ ನಡುಮಧ್ಯದಲ್ಲಿ ಸುಮಾರು 13 ಮೀಟರ್ ತ್ರಿಜ್ಯದಷ್ಟು ತೆರವು, ಅಂದರೆ ಚೆಂಬೂರಿನ ಹಳೆಯ ನಾಲ್ಕು ಮಹಡಿ ಕಟ್ಟಡದಷ್ಟು ಎತ್ತರ. ಆ ಹಳೆಯ ಕಟ್ಟಡಗಳೆಲ್ಲ ಈಗ ರೀಡೆವಲಪ್‌ಮೆಂಟ್‌ನಲ್ಲಿ ಬಿದ್ದು ಟವರ್‌ಗಳಾಗುತ್ತಿವೆ. ಹೋದ ವರ್ಷ ಕೇಳುತ್ತಿದ್ದ ಮಾಪಕ ಈ ವರ್ಷ ಕೇಳದಿದ್ದರೆ ರೇಡಿಯೊ ಕೆಟ್ಟಿದೆ ಎಂದುಕೊಳ್ಳಬೇಡಿ, ನಡುವೆ ಒಂದು ಲಿಫ್ಟ್ ಶಾಫ್ಟ್ ಎದ್ದಿರುತ್ತದೆ. ಆಂಟೆನಾವನ್ನು ಬಾಲ್ಕನಿಯಿಂದ ನೀರಿನ ಟಾಂಕಿಯ ನೆತ್ತಿಗೆ ಏರಿಸಿದ್ದೇ ನಮ್ಮ ಏಕೈಕ ಗೆಲುವು. ಶಕ್ತಿ ಹೆಚ್ಚಿಸಿ ಪಡೆಯಲಾಗದ್ದನ್ನು ಎತ್ತರ ಕೊಟ್ಟಿತು.

ಆದರೆ ನನ್ನ ತಕರಾರು ದೂರದ್ದಲ್ಲ, ಸೊನ್ನೆಯದು.

ಒಂದು ಜುಲೈ ರಾತ್ರಿ ಕಿಟಕಿಯಾಚೆ ಧೋ ಎಂದು ಸುರಿಯುತ್ತಿತ್ತು. ಅಂಕಿ ತೋರಿಸುವ ನಮ್ಮ ಜಾಲಪುಟದಲ್ಲಿ ಎರಡು ಮಾಪಕಗಳ ಮುಂದೆ 0.0 ಎಂದಿತ್ತು. ಬೆಳಿಗ್ಗೆ ಹತ್ತಿ ನೋಡಿದರೆ ಒಂದರ ಲಾಳಿಕೆಯೊಳಗೆ ಪಾರಿವಾಳ ನಾಲ್ಕು ಕಡ್ಡಿ, ಒಂದು ತುಂಡು ತಂತಿ ತಂದಿಟ್ಟು ಸಂಸಾರ ಹೂಡುವ ಸಿದ್ಧತೆಯಲ್ಲಿತ್ತು. ನೀರು ಮೇಲೆಯೇ ನಿಂತು ಅಂಚಿನಿಂದ ಚೆಲ್ಲುತ್ತಿತ್ತು. ರೇಡಿಯೊ ಮಾತ್ರ ಸೊಗಸಾಗಿ, ಒಂದು ಸಂದೇಶವೂ ತಪ್ಪದಂತೆ, ಮಳೆಯಿಲ್ಲ ಮಳೆಯಿಲ್ಲ ಎಂದು ರಾತ್ರಿಯಿಡೀ ವರದಿ ಕೊಟ್ಟಿತ್ತು. ಇನ್ನೊಂದರ ಕತೆ ತಿರುಗುಮುರುಗು. ಅದರೊಳಗಿನ ಮಳೆ ಎಣಿಸುವ ತೊಟ್ಟಿಲು ಟಕ್ ಟಕ್ ಎಂದು ಪ್ರಾಮಾಣಿಕವಾಗಿ ಮಗುಚುತ್ತಿತ್ತು, ಆದರೆ ಆಂಟೆನಾದ ಕೇಬಲ್ ಸೇರುವ ಕನೆಕ್ಟರ್‌ಗೆ ನೀರು ಇಳಿದು ರೇಡಿಯೊದ ದನಿ ಗಂಟಲಲ್ಲೇ ಉಳಿದಿತ್ತು. ಕನೆಕ್ಟರ್ ಬಿಚ್ಚಿದಾಗ ಒಳಗಿನ ತಾಮ್ರ ಹಸಿರುಗಟ್ಟಿತ್ತು. ಮೂರನೆಯ ಸೊನ್ನೆ ಎಲ್ಲರಿಗೂ ಗೊತ್ತಿರುವುದೇ, ಮಳೆಯೇ ಬಾರದ ದಿನದ್ದು. ಮೂರೂ ಪುಟದ ಮೇಲೆ ಒಂದೇ ರೂಪದಲ್ಲಿ ಕಾಣುತ್ತಿದ್ದವು: 0.0.

ಕೈಯಿಂದ ಅಳೆಯುತ್ತಿದ್ದ ಕಾಲದಲ್ಲಿ ಈ ಗೊಂದಲ ಇರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಗಾಜಿನ ಅಳತೆಗೆ ಸುರಿದು ನೋಡುವ ಗುಮಾಸ್ತ ಮಳೆ ಬಾರದ ದಿನಕ್ಕೆ ಒಂದು ಗುರುತು ಹಾಕುತ್ತಿದ್ದ, ಅಳೆಯಲಾಗದಷ್ಟು ಹನಿ ಬಿದ್ದ ದಿನಕ್ಕೆ ಇನ್ನೊಂದು, ತಾನು ನೋಡದೆ ಹೋದ ದಿನಕ್ಕೆ ಮತ್ತೊಂದು. ರಜೆ ಹಾಕಿದ್ದು ವಹಿಯಲ್ಲಿ ದಾಖಲಾಗುತ್ತಿತ್ತು. ಯಂತ್ರಕ್ಕೆ ರಜೆ ಬರೆಯುವ ಕಾಲಂ ಕೊಡದವರು ನಾವು.

ತಾಂತ್ರಿಕವಾಗಿ ಈ ಕುರುಡುತನಕ್ಕೆ ಮೂಲ ಒಂದು ಬೈಟ್‌ನ ಜಿಪುಣತನ ಎಂದರೆ ಓದುಗರು ನಂಬಲಾರರು. ಬಿಡಿಸಿ ಹೇಳುತ್ತೇನೆ. ಮಳೆಮಾಪಕದೊಳಗೆ ಜೋಡಿ ತೊಟ್ಟಿಲಿರುತ್ತದೆ, 0.2 ಮಿಲಿಮೀಟರ್ ಮಳೆಯ ನೀರು ತುಂಬಿದರೆ ಒಂದು ಕಡೆ ಮಗುಚುತ್ತದೆ, ಅಯಸ್ಕಾಂತ ಒಂದು ಸ್ವಿಚ್ಚನ್ನು ಸವರುತ್ತದೆ, ಎಣಿಕೆ ಒಂದಾಯಿತು. ಹದಿನೈದು ನಿಮಿಷ ಕಳೆದಾಗ ರೇಡಿಯೊ ಏನು ಕಳಿಸಬೇಕು? ಮಾರಾಟದ ಪೆಟ್ಟಿಗೆಗಳಲ್ಲೂ ಹವ್ಯಾಸಿಗಳ ಮಾದರಿಗಳಲ್ಲೂ ನಾನು ಹೆಚ್ಚಾಗಿ ಕಂಡದ್ದು ಈ ಹದಿನೈದು ನಿಮಿಷದಲ್ಲಿ ಎಷ್ಟು ಸಲ ಮಗುಚಿತು ಎಂಬುದನ್ನು ಕಳಿಸಿ, ಎಣಿಕೆಯನ್ನು ಮತ್ತೆ ಸೊನ್ನೆಗೆ ತಿರುಗಿಸುವ ಕ್ರಮ. ಒಂದು ಬೈಟ್ ಸಾಕು, 255ರವರೆಗೆ ಎಣಿಸಬಹುದು, ಅಂದರೆ 51 ಮಿಲಿಮೀಟರ್. ಅಚ್ಚುಕಟ್ಟು. ಆದರೆ ಲೋರಾದಲ್ಲಿ ಸಾಮಾನ್ಯವಾಗಿ ಕಳಿಸಿದ ಸಂದೇಶಕ್ಕೆ ರಸೀದಿ ಇರುವುದಿಲ್ಲ. ಎಸೆದದ್ದು ಮುಟ್ಟಿತೋ ಬಿಟ್ಟಿತೋ ಎಸೆದವನಿಗೆ ತಿಳಿಯದು. ಗಂಟೆಗೆ 100 ಮಿಲಿಮೀಟರ್ ಜಡಿಯುವಾಗ ಒಂದೇ ಒಂದು ಸಂದೇಶ ಕಳೆದುಹೋದರೆ 125 ಮಗುಚು, ಅಂದರೆ 25 ಮಿಲಿಮೀಟರ್ ಮಳೆ ಶಾಶ್ವತವಾಗಿ ಕಳೆದುಹೋಯಿತು. ಬ್ರಿಟಿಷರ ಕಾಲದ ಮುಂಬಯಿಯ ಮಳೆನೀರ ಚರಂಡಿಗಳು ಒಂದಿಡೀ ಗಂಟೆಗೆ ತಾಳಲೆಂದು ಲೆಕ್ಕ ಹಾಕಿದ ಮಳೆಯೂ ಇಷ್ಟೇ, 25 ಮಿಲಿಮೀಟರ್. ಚರಂಡಿ ತುಂಬಿ ಹರಿಯಲು ಸಾಕಾಗುವ ಮಳೆಯನ್ನು ಒಂದು ಕಳೆದ ಸಂದೇಶ ನುಂಗಬಲ್ಲದು, ಪುಟದ ಮೇಲೆ ಕಲೆಯೂ ಉಳಿಯದು.

ಇನ್ನೊಂದು ದಾರಿ ವಿದ್ಯುತ್ ಮೀಟರಿನದು. ಸೊನ್ನೆಗೆ ತಿರುಗಿಸಲೇಬೇಡಿ. ಕೂರಿಸಿದ ದಿನದಿಂದ ಈವರೆಗಿನ ಒಟ್ಟು ಎಣಿಕೆಯನ್ನು ಪ್ರತಿ ಸಲವೂ ಕಳಿಸಿ. ನಡುವೆ ಮೂರು ಸಂದೇಶ ಕಳೆದರೂ ನಾಲ್ಕನೆಯದು ಬಂದಾಗ ಹಿಂದಿನದನ್ನು ಕಳೆದರೆ ಒಟ್ಟು ಮಳೆ ಸಿಗುತ್ತದೆ. ಯಾವ ಹದಿನೈದು ನಿಮಿಷದಲ್ಲಿ ಎಷ್ಟು ಎಂಬುದು ಮಾತ್ರ ಹೋಗುತ್ತದೆ. ಇದಕ್ಕೆ ಎರಡು ಬೈಟ್ ಬೇಕು. 65,535 ಮಗುಚು, ಅಂದರೆ 13,000 ಮಿಲಿಮೀಟರಿಗೂ ಹೆಚ್ಚು. ಮುಂಬಯಿಯ ಐದು ಮಳೆಗಾಲಕ್ಕೆ ಧಾರಾಳ. ಲೋರಾದ ಅತಿ ನಿಧಾನದ, ಎಸ್‌ಎಫ್ 12 ಎಂಬ ಗತಿಯಲ್ಲಿ ಚಿಕ್ಕ ಸಂದೇಶವೂ ಗಾಳಿಯಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಇರುತ್ತದೆ. ಆ ಒಂದು ಸೆಕೆಂಡಿನ ಬಸ್ಸಿನಲ್ಲಿ ಇನ್ನೊಂದು ಬೈಟ್‌ಗೆ ಸೀಟು ಇಲ್ಲ ಎನ್ನುವುದು ಕುಂಟು ನೆಪ. ಮಾಪಕ ಮಧ್ಯೆ ರೀಸ್ಟಾರ್ಟ್ ಆದರೆ ಒಟ್ಟು ಎಣಿಕೆ ಸೊನ್ನೆಗೆ ಬಿದ್ದು ಕಳೆಯುವಾಗ ಋಣ ಬರುತ್ತದಲ್ಲ ಎನ್ನುತ್ತೀರಿ. ಬರಲಿ. ಋಣ ಮಳೆ ಎಂಬುದು ಲೋಕದಲ್ಲಿ ಇಲ್ಲದ್ದರಿಂದ ಏನೋ ಕೆಟ್ಟಿದೆ ಎಂದು ಅದು ಕೂಗಿ ಹೇಳುತ್ತದೆ. ಮೊದಲ ಕ್ರಮ ಮುಚ್ಚಿಡುವುದನ್ನು ಎರಡನೆಯದು ಬಯಲು ಮಾಡುತ್ತದೆ, ಅದೇ ಅದರ ಗುಣ.

ಇನ್ನೂ ವಿಚಿತ್ರವೆಂದರೆ ಲೋರಾ ಜಾಲಗಳ ನಿಯಮಾವಳಿಯಾದ ಲೋರಾವ್ಯಾನ್‌ನ ಪ್ರತಿ ಸಂದೇಶದ ತಲೆಯ ಮೇಲೆ ಒಂದು ಕ್ರಮಸಂಖ್ಯೆ ಇದ್ದೇ ಇದೆ. 412 ಬಂದ ಮೇಲೆ 416 ಬಂದರೆ ಮೂರು ತಪ್ಪಿವೆ ಎಂದು ತಿಳಿಯಲು ಪಂಚಾಂಗ ಬೇಡ. ಮೌನವನ್ನು ಎಣಿಸುವ ಸಾಧನ ಪುಕ್ಕಟೆ ಬಂದಿದೆ. ಪುಟ ವಿನ್ಯಾಸ ಮಾಡುವವರು ಅದನ್ನು ಎಸೆದು ಬಣ್ಣದ ಚುಕ್ಕೆ ಇಡುತ್ತಾರೆ.

ಇಲ್ಲಿ ನಮ್ಮ ಕನ್ನಡದ ಲೇಖಕರ ಜೊತೆ ಒಂದು ಜಗಳ ಬಾಕಿ ಇದೆ. ಮುಂಬಯಿಯ ಮಾತೆತ್ತಿದರೆ ಸಾಕು, ನಮ್ಮವರು ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು ಮುಂದಿಡುತ್ತಾರೆ: ನಮ್ಮಲ್ಲಿ ಗ್ರಾಮ ಪಂಚಾಯಿತಿಗೊಂದು ಮಾಪಕ, ಒಟ್ಟು ಆರು ಸಾವಿರಕ್ಕೂ ಹೆಚ್ಚು, ನಿಮ್ಮ ಮುಂಬಯಿಯಲ್ಲಿ ಎಷ್ಟು? 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಆ ಸಂಸ್ಥೆಯ ಮೇಲೆ ನನಗೂ ಗೌರವವಿದೆ. ನಾನು ತಕರಾರು ಎತ್ತುವುದು ಹೊಗಳುವವರ ಗಣಿತಕ್ಕೆ. ನಾನು ಓದಿದ ಇಂಥ ಯಾವ ಲೇಖನದಲ್ಲೂ, ಭಾರಿ ಮಳೆಯ ದಿನ ಈ ಆರು ಸಾವಿರದಲ್ಲಿ ಎಷ್ಟು ಮಾತಾಡಿದವು ಎಂಬ ಪ್ರಶ್ನೆಯೇ ಏಳುವುದಿಲ್ಲ. ರೈತನ ಬೆಳೆ ವಿಮೆಯ ಲೆಕ್ಕಕ್ಕೂ ಮಳೆಯ ಅಂಕಿ ಹೋಗುವ ಕಾಲ ಇದು. ಅಲ್ಲಿ ಸೊನ್ನೆ ಯಾವ ಬಗೆಯದು ಎಂಬುದಕ್ಕೆ ದುಡ್ಡಿನ ಬೆಲೆ ಇದೆ. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆ ಎಂದು ಹೇಳಿ, ಇವತ್ತು ಎಷ್ಟು ಮಕ್ಕಳು ಬಂದರು ಎಂದು ಹೇಳದ ಮೇಷ್ಟ್ರ ಹಾಗಾಯಿತು ಇದು.

ಎದುರು ಪಕ್ಷದವರೂ ಕಡಿಮೆಯೇನಿಲ್ಲ. ಮಳೆ ಬಂದರೆ ಸಿಗ್ನಲ್ ಹೋಗುತ್ತದೆ, ಈ ರೇಡಿಯೊ ಎಲ್ಲ ನಂಬಬಾರದು, ಅಜ್ಜನ ಆರಿದ್ರಾ ಪುಷ್ಯದ ಲೆಕ್ಕವೇ ಸರಿ ಎನ್ನುವವರು. ಇವರು ಟಿವಿಯ ಡಿಶ್ಶನ್ನು ನೋಡಿ ಮಾತಾಡುತ್ತಿದ್ದಾರೆ. ಡಿಶ್ಶಿಗೆ ಬರುವ ಅಲೆ ಹತ್ತು ಗಿಗಾಹರ್ಟ್ಸ್‌ಗೂ ಮೇಲಿನದು, ಅದನ್ನು ಮಳೆಹನಿ ನುಂಗುತ್ತದೆ. 866 ಮೆಗಾಹರ್ಟ್ಸ್‌ನ ಅಲೆಯ ಉದ್ದ 35 ಸೆಂಟಿಮೀಟರ್ ಹತ್ತಿರ. ಎಂಥ ಮುಸಲಧಾರೆಯೂ ಚೆಂಬೂರಿನ ಎರಡು ಕಿಲೋಮೀಟರಿನಲ್ಲಿ ಅದಕ್ಕೆ ಲೆಕ್ಕಕ್ಕಿಲ್ಲ. ಮಳೆಗೆ ಸೋಲುವುದು ಅಲೆಯಲ್ಲ, ಕನೆಕ್ಟರ್. ಒದ್ದೆಯಾದ ಕೇಬಲ್. ಮೋಡ ಮುಚ್ಚಿ ವಾರಗಟ್ಟಲೆ ಬಿಸಿಲು ಕಾಣದ ಸೋಲಾರ್ ಹಲಗೆ, ಅದರ ಮೇಲಿನ ಕಾಗೆಯ ಹಿಕ್ಕೆ, ಅರ್ಧ ತುಂಬಿದ ಬ್ಯಾಟರಿ. ತನ್ನಿಂದ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು ಸುತ್ತಿ, ಕೇಬಲನ್ನು ಪೆಟ್ಟಿಗೆಗೆ ಹೊಗಿಸುವ ಮುನ್ನ ಕೆಳಗೊಂದು ಬಳುಕು ಬಿಟ್ಟು, ನೀರು ಅಲ್ಲೇ ತೊಟ್ಟಿಕ್ಕುವಂತೆ ಮಾಡಿದ ಮೇಲೆ ನಮ್ಮ ಆ ಮಾಪಕ ಎರಡು ಮಳೆಗಾಲ ಬಾಯಿ ಮುಚ್ಚಲಿಲ್ಲ.

ನ್ಯಾಯಕ್ಕಾಗಿ ಒಂದು ಮಾತು ಒಪ್ಪುತ್ತೇನೆ. ಸಂದೇಶಗಳು ಎಲ್ಲವೂ ಮುಟ್ಟಿದರೂ ಅಂಕಿ ಪೂರ್ತಿ ನಿಜವಲ್ಲ. ಗಂಟೆಗೆ 100 ಮಿಲಿಮೀಟರ್ ಮಳೆಯಲ್ಲಿ ತೊಟ್ಟಿಲು ಏಳು ಸೆಕೆಂಡಿಗೊಮ್ಮೆ ಮಗುಚುತ್ತದೆ. ಮಗುಚುವ ಅರ್ಧ ಸೆಕೆಂಡಿನಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಜೋರು ಮಳೆಯನ್ನು ಈ ಯಂತ್ರ ಸದಾ ಕಡಿಮೆ ಹೇಳುತ್ತದೆ, ಸುಮಾರು ನೂರಕ್ಕೆ ಏಳರಷ್ಟು. ಇದು ಗೊತ್ತಿರುವ ಸುಳ್ಳು, ಸೂತ್ರ ಹಾಕಿ ತಿದ್ದಬಹುದು. ಸೊನ್ನೆಯ ಸುಳ್ಳನ್ನು ತಿದ್ದುವ ಸೂತ್ರ ಇಲ್ಲ. ಅದಕ್ಕೆ ಅರ್ಧ ಲೀಟರ್ ನೀರು ಹಿಡಿದು ಏಣಿ ಹತ್ತಬೇಕು. 200 ಮಿಲಿಮೀಟರ್ ಅಗಲದ ಲಾಳಿಕೆಗೆ ನಿಧಾನವಾಗಿ ಸುರಿದರೆ ತೊಟ್ಟಿಲು 80 ಸಲ ಮಗುಚಬೇಕು. 60 ಬಂತೋ, ಲಾಳಿಕೆಯಲ್ಲಿ ಯಾರೋ ಮನೆ ಮಾಡಿದ್ದಾರೆ.

2021ರ ಜುಲೈ 18ರ ನಸುಕಿನಲ್ಲಿ ವಾಶಿ ನಾಕಾದ ಭಾರತ್ ನಗರದಲ್ಲಿ ಗುಡ್ಡದ ಬದಿಯ ಗೋಡೆ ಮನೆಗಳ ಮೇಲೆ ಕುಸಿದು ಹದಿನೈದಕ್ಕೂ ಹೆಚ್ಚು ಜನ ಸತ್ತರು. ಆ ರಾತ್ರಿಯ ಮಳೆಯ ಬಗ್ಗೆ ಅಂಕಿಗಳಿಗೆ ಬರವಿರಲಿಲ್ಲ. ಮಾಪಕವೊಂದಿದ್ದರೆ ಅವರು ಉಳಿಯುತ್ತಿದ್ದರು ಎಂಬ ಅಗ್ಗದ ಮಾತು ನಾನು ಆಡಲಾರೆ. ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡವರಿಗೆ ಹೋಗಲು ಬೇರೆ ಜಾಗ ಬೇಕಿತ್ತು, ಚುಕ್ಕೆ ಅಲ್ಲ. ಆದರೆ ಅಂಥ ರಾತ್ರಿ ಯಾರಾದರೂ ಆ ನಕಾಶೆಯನ್ನು ನೋಡಿ ನಿರ್ಧಾರ ಮಾಡುವುದಾದರೆ, ಕೊನೆಯ ಸಂದೇಶ ಎಷ್ಟು ಹೊತ್ತಿಗೆ ಬಂತು ಎಂಬುದು ಮಳೆಯ ಅಂಕಿಯಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು.

ನಮ್ಮ ಪುಟದಲ್ಲಿ ಈಗ ಸೊನ್ನೆ ಬರಬೇಕಾದರೆ ಮಾಪಕವೇ ಬಾಯಿಬಿಟ್ಟು ಹೇಳಬೇಕು. ಅದು ಸುಮ್ಮನಿದ್ದರೆ ಅಡ್ಡಗೆರೆ ಬೀಳುತ್ತದೆ. ಇದನ್ನು ಬರೆಯುವ ಹೊತ್ತಿಗೆ ಘಾಟ್ಲಾದ್ದು 11.4, ತಿಲಕ್ ನಗರದ್ದು 9.8. ವಾಶಿ ನಾಕಾದ ಮುಂದೆ ಬೆಳಿಗ್ಗೆಯಿಂದ ಅಡ್ಡಗೆರೆ ಇದೆ, ಮಳೆ ನಿಂತ ಮೇಲೆ ಹತ್ತಿ ನೋಡಬೇಕು.