ಪ್ಲೂಟೊ ಹೊರಬಿದ್ದದ್ದು ಸರಿ, ವ್ಯಾಖ್ಯೆ ಸಡಿಲ

2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮತಕ್ಕೆ ಹಾಕಿ ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಇಳಿಸಿತು. ತೀರ್ಮಾನ ಸರಿಯಾದದ್ದೇ. ಆದರೆ ಒಕ್ಕೂಟ ಬರೆದ ವ್ಯಾಖ್ಯೆ ಸಡಿಲವಾಗಿದೆ, ನಮ್ಮ ಶಾಲೆಗಳು ಅದನ್ನು ಕಲಿಸುವ ರೀತಿ ಇನ್ನೂ ಸಡಿಲ.

ಗ್ರಹವೆನಿಸಿಕೊಳ್ಳಲು ಸೂರ್ಯನನ್ನು ಸುತ್ತಬೇಕು, ಸ್ವಂತ ಗುರುತ್ವದಿಂದ ದುಂಡಗಾಗಿರಬೇಕು, ಕಕ್ಷೆಯ ಆಸುಪಾಸನ್ನು ತೆರವು ಮಾಡಿರಬೇಕು. ಜಗಳವೆಲ್ಲ ಈ ಮೂರನೆಯ ಷರತ್ತಿನದು. ಗುರುವಿನ ಕಕ್ಷೆಯಲ್ಲೇ ಸಾವಿರಾರು ಟ್ರೋಜನ್ ಕ್ಷುದ್ರಗ್ರಹಗಳಿವೆ, ಭೂಮಿಯ ದಾರಿಯನ್ನೂ ಎಷ್ಟೋ ಬಂಡೆಗಳು ಹಾಯುತ್ತವೆ; ಹಾಗಾದರೆ ತೆರವು ಮಾಡಿದವರು ಯಾರು ಎಂದು ಪ್ಲೂಟೊ ಪರವಾದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಷ್ಟು ತೆರವಾದರೆ ಸಾಕೆಂಬ ಅಳತೆ ವ್ಯಾಖ್ಯೆಯಲ್ಲಿಲ್ಲ.

ಅಳತೆಯೇನೋ ಇತ್ತು. ಅದೇ ವರ್ಷ ಖಗೋಳಜ್ಞ ಸ್ಟೀವನ್ ಸೋಟರ್ ಒಂದೊಂದು ಕಾಯದ ದ್ರವ್ಯರಾಶಿಯನ್ನು ಅದರ ಕಕ್ಷಾವಲಯದ ಉಳಿದೆಲ್ಲ ಚೂರುಗಳ ಒಟ್ಟು ರಾಶಿಯಿಂದ ಭಾಗಿಸಿ ನೋಡಿದರು. ಭೂಮಿಗೆ ಸಿಕ್ಕಿದ್ದು ಸುಮಾರು 17 ಲಕ್ಷ. ಎಂಟು ಗ್ರಹಗಳಲ್ಲಿ ಯಾವುದಕ್ಕೂ ಸಾವಿರಕ್ಕಿಂತ ಕಡಿಮೆಯಿಲ್ಲ. ಪ್ಲೂಟೊ, ಕ್ಷುದ್ರಗ್ರಹಗಳ ಪಟ್ಟಿಯ ಸೀರಿಸ್, ಎರಡರ ಲೆಕ್ಕವೂ ಒಂದನ್ನು ದಾಟಲಿಲ್ಲ. ನಡುವಿನ ಜಾಗ ಖಾಲಿ. ಇಷ್ಟು ದೊಡ್ಡ ಅಂತರ ಮತದಾನದಿಂದ ಹುಟ್ಟಿದ್ದಲ್ಲ, ಸೌರಮಂಡಲದಲ್ಲೇ ಇರುವಂಥದ್ದು. ಇದನ್ನು ಕೈಬಿಟ್ಟು ಬರೀ ‘ತೆರವು’ ಎಂದು ಬರೆದದ್ದು ಒಕ್ಕೂಟದ ದೊಡ್ಡ ಲೋಪ.

ಸೀರಿಸ್ ಕಥೆ ಗೊತ್ತಿದ್ದವರಿಗೆ ಪ್ಲೂಟೊ ಬಗ್ಗೆ ಇಷ್ಟು ಸಂಕಟವಾಗಬೇಕಿಲ್ಲ. 1801ರ ಜನವರಿ 1ರಂದು ಖಗೋಳಜ್ಞ ಪಿಯಾಜಿ ಕಂಡ ಅದು ಎಷ್ಟೋ ದಶಕ ಗ್ರಹವೆಂದೇ ಎಣಿಕೆಯಲ್ಲಿತ್ತು. ಅಕ್ಕಪಕ್ಕ ಅಂಥವೇ ಒಂದೊಂದಾಗಿ ಸಿಗತೊಡಗಿದಾಗ ಅದನ್ನು ಗ್ರಹಗಳ ಎಣಿಕೆಯಿಂದ ತೆಗೆದು ಕ್ಷುದ್ರಗ್ರಹವೆಂದರು. ಮದ್ರಾಸ್ ವೀಕ್ಷಣಾಲಯದಿಂದ 1861ರಲ್ಲಿ ಖಗೋಳಜ್ಞ ಪಾಗ್ಸನ್ ಪತ್ತೆಮಾಡಿದ ‘ಏಷ್ಯಾ’, 1988ರಲ್ಲಿ ಕಾವಲೂರಿನ ವೀಕ್ಷಣಾಲಯದಲ್ಲಿ ಸಿಕ್ಕಿದ ‘ರಾಮಾನುಜನ್’ ಆ ಗುಂಪಿನವೇ. ಪ್ಲೂಟೊಗೂ ಹೀಗೇ ಆಯಿತು. 1930ರಲ್ಲಿ ಒಂಟಿಯಾಗಿ ಕಂಡಿತ್ತು. 1992ರಿಂದ ಅದರ ನೆರೆಯವು ಸಿಗತೊಡಗಿದವು, 2005ರಲ್ಲಿ ಗೊತ್ತಾದ ಎರಿಸ್ ಅದಕ್ಕಿಂತ ಭಾರದ್ದು. ಪ್ಲೂಟೊವನ್ನು ಉಳಿಸಿಕೊಂಡು ಎರಿಸನ್ನು ಹೊರಗಿಡಲು ಅಭ್ಯಾಸವೊಂದನ್ನು ಬಿಟ್ಟರೆ ಬೇರೆ ಕಾರಣವಿಲ್ಲ.

ಇನ್ನು ಶಾಲೆಯ ಮಾತು. ಆಂಧ್ರದ ಮಡಕಶಿರಾ ಸೀಮೆಯ ಗುಡಿಬಂಡೆಯಲ್ಲಿರುವ ಕನ್ನಡ ಮನೆಮಾತಿನ ಮಗುವೊಂದನ್ನು ಕಲ್ಪಿಸಿಕೊಳ್ಳಿ. ಹಿರಿಯರ ಬಾಯಲ್ಲಿ ನವಗ್ರಹ, ತರಗತಿಯಲ್ಲಿ ಎಂಟು ಗ್ರಹ. ನವಗ್ರಹದಲ್ಲಿ ಸೂರ್ಯ ಚಂದ್ರರಿದ್ದಾರೆ, ಭೂಮಿಯಿಲ್ಲ. ನೆಲದ ಮೇಲೆ ನಿಂತು ನೋಡಿದಾಗ ನಕ್ಷತ್ರಗಳ ನಡುವೆ ಚಲಿಸುವ ಏಳು, ಜೊತೆಗೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳು, ಅಂದರೆ ರಾಹು ಕೇತು. ಗ್ರಹಣಗಳಾಗುವುದು ಆ ಬಿಂದುಗಳ ಬಳಿಯಲ್ಲೇ. ಆ ಪಟ್ಟಿಗೂ ಖಚಿತವಾದ ನಿಯಮವೊಂದಿದೆ. ಮೇಷ್ಟ್ರು ಅದನ್ನು ಬಿಡಿಸಿ ಹೇಳದಿದ್ದರೆ ಮಗುವಿಗೆ ದಕ್ಕುವುದು ಒಂಬತ್ತು, ಎಂಟು ಎಂಬ ಎರಡು ಸಂಖ್ಯೆ ಮಾತ್ರ, ಒಂದು ಪರೀಕ್ಷೆಗೆ, ಇನ್ನೊಂದು ಮನೆಗೆ. ಪಾಠದಲ್ಲಿ ಗ್ರಹಗಳ ಹೆಸರು ಬಾಯಿಪಾಠ ಮಾಡಿಸುವ ಬದಲು ಸೋಟರ್ ಲೆಕ್ಕದ ಪಟ್ಟಿಯನ್ನು ಕೊಟ್ಟು, ಗೆರೆ ಎಲ್ಲಿ ಎಳೆಯಬೇಕೆಂದು ಮಕ್ಕಳನ್ನೇ ಕೇಳಬೇಕು. ಹೈಸ್ಕೂಲಿನ ಮಗುವಿಗೆ ಆ ಭಾಗಾಕಾರ ಕಷ್ಟವೇನಲ್ಲ.